ಖಾಲಿ ತಟ್ಟೆಯ ಮೇಡಂ

ಸಸ್ಯಗಳಲ್ಲಿ ಸಿಗುವ ವಸ್ತುಗಳು ಮೂತ್ರಪಿಂಡದ ಕ್ಯಾನ್ಸರ್ ಕೋಶಗಳನ್ನು ಹೇಗೆ ತಡೆದಾವು ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರದು ಗಟ್ಟಿ ಹೆಸರು. ಅವರಿಗೆ ಸಂದ ಫಲಕಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ದಯಪಾಲಿಸಿದ ‘ಖಾಲಿ ತಟ್ಟೆಯ ಮೇಡಂ’ ಎಂಬ ಬಿರುದು ಮಾತ್ರ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿ ಪ್ರಯೋಗದಲ್ಲೂ ಕೋಶ ಬೆಳೆಸುವ ತಟ್ಟೆಗಳ ಜೊತೆ ಕೋಶಗಳೇ ಇಲ್ಲದ ತಟ್ಟೆಯೊಂದನ್ನಿಟ್ಟು, ಉಳಿದವಕ್ಕೆ ಹಾಕಿದ್ದನ್ನೆಲ್ಲ ಅದಕ್ಕೂ ಹಾಕಬೇಕೆಂಬುದು ಅವರ ಹಟ.

ಅವರು ಸೇರಿದಾಗ ಪ್ರಯೋಗಾಲಯವೆಂದರೆ ಮೆಟ್ಟಿಲ ಕೆಳಗಿನ ಕೋಣೆ, ಕತ್ತು ಸಡಿಲವಾದ ಒಂದು ಸೂಕ್ಷ್ಮದರ್ಶಕ. ವಿದ್ಯಾರ್ಥಿಯೊಬ್ಬ ಜ್ವರದಿಂದ ಮಲಗಿದರೆ ರಜಾದಿನದಲ್ಲೂ ಬಂದು ಅವನ ಕೋಶಗಳಿಗೆ ತಾವೇ ಆಹಾರ ಹಾಕಿ ಹೋಗುತ್ತಿದ್ದರು. ಅದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಆ ಕೋಣೆಗೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದವನು, ಇಂದು ಅದೇ ವಿಭಾಗದಲ್ಲಿ ಅಧ್ಯಾಪಕನಾಗಿರುವ ಅವಸರಪ್ಪ. ಆ ಅಡ್ಡಹೆಸರಿಟ್ಟವರು ಮೇಡಮ್ಮೇ. ಅವನು ಕಹಿ ಹಣ್ಣೊಂದರ ಸಿಪ್ಪೆಯಿಂದ ಹಳದಿ ಪುಡಿ ತೆಗೆದು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುತ್ತಿದ್ದ. ಜೀವಂತ ಕೋಶಗಳು ಒಂದು ಬಣ್ಣದ ದ್ರವವನ್ನು ನೇರಳೆಗೆ ತಿರುಗಿಸುತ್ತವೆ, ಸತ್ತವು ತಿರುಗಿಸುವುದಿಲ್ಲ. ಅವನ ತಟ್ಟೆಗಳು ಪ್ರತಿ ಬಾರಿಯೂ ಕಡುನೇರಳೆ. ಪುಡಿಗೆ ಕೋಶಗಳು ಜಗ್ಗಿಲ್ಲವೆಂದು ಸಮಿತಿ ಅವನ ವಿಷಯವನ್ನೇ ಕೈಬಿಡಲು ಹೊರಟಿತು. ಕೈಬಿಟ್ಟರೆ ಅವನಿಗೆ ಪದವಿಯೂ ಇಲ್ಲ, ಅಲ್ಲಿ ಜಾಗವೂ ಇಲ್ಲ.

“ಖಾಲಿ ತಟ್ಟೆ ಏನ್ ಹೇಳ್ತು?” ಎಂದರು ಮೇಡಂ.

“ಕೋಶಾನೇ ಇಲ್ದಿರೋ ತಟ್ಟೆ ಏನ್ ಹೇಳತ್ತೆ ಅಂತ... ಇಟ್ಟಿಲ್ಲ ಮೇಡಂ.”

“ಇಟ್ಟು ನೋಡೋಣಪ್ಪ. ನಂಗೂ ಕುತೂಹಲ ಇದೆ.”

ಬೈಗುಳಕ್ಕೆ ಮೈಯೊಡ್ಡಿ ನಿಂತವನಿಗೆ ಸಿಕ್ಕಿದ್ದು ಅವರ ಪಕ್ಕದ ಕುರ್ಚಿ. ಇಬ್ಬರೂ ಕಾದರು. ಒಂದೂ ಕೋಶವಿಲ್ಲದ ತಟ್ಟೆಯಲ್ಲಿ ಹಳದಿ ಪುಡಿಯೇ ದ್ರವವನ್ನು ಮೆಲ್ಲಗೆ ನೇರಳೆ ಮಾಡಿತು.

“ನೋಡು, ಇಷ್ಟು ದಿನ ಬಣ್ಣ ಬದಲಾಯಿಸ್ತಾ ಇದ್ದಿದ್ದು ನಿನ್ನ ಪುಡಿ,” ಎಂದು ಮೇಡಂ ನಕ್ಕರು. “ಬಣ್ಣದ ಸಹವಾಸ ಬಿಡು, ಕೋಶಗಳನ್ನ ಎಣಿಸು.”

ಎಣಿಸಿದರೆ, ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಮುದುಡಿ ಸತ್ತಿದ್ದವು; ಅದೇ ಪುಡಿ ಹಾಕಿದ ಪಕ್ಕದ ತಟ್ಟೆಯ ಆರೋಗ್ಯವಂತ ಮೂತ್ರಪಿಂಡದ ಕೋಶಗಳು ಬಹುಪಾಲು ಹಾಯಾಗಿದ್ದವು. ಅವಸರಪ್ಪನ ಕಣ್ಣು ತುಂಬಿ ಬಂತು. ಮೇಡಂ ಸಮಿತಿಯ ಮುಂದೆ ಅವನ ಪರ ನಿಂತು ಕಾಲಾವಕಾಶ ಕೊಡಿಸಿದರು, ಬಂದವರೇ ಗಾಳಿಯಲ್ಲಿ ತೇಲುತ್ತಿದ್ದ ಅವನನ್ನು ನೆಲಕ್ಕೂ ಇಳಿಸಿದರು.

“ತಟ್ಟೇಲಿ ಸತ್ತಿವೆ, ಅಷ್ಟೆ. ಮನುಷ್ಯರ ಮಾತು ಇನ್ನೂ ದೂರ. ಅದಿರ್ಲಿ, ಒಳ್ಳೇ ಕೋಶಗಳನ್ನ ಯಾಕೆ ಬಿಡ್ತು?”

ಕ್ಯಾನ್ಸರ್ ಕೋಶಗಳು ಸಕ್ಕರೆ ಹೀರುವ ದಾರಿಗೆ ಆ ಪುಡಿ ಅಡ್ಡ ಬರುತ್ತಿರಬಹುದೆಂಬ ಅರ್ಧ ಉತ್ತರ ಅವನಿಗೆ ಈಚೆಗೆ ದಕ್ಕಿದೆ. ಉಳಿದರ್ಧ ಇನ್ನೂ ಕೈಗೆ ಸಿಕ್ಕಿಲ್ಲ. ಮೊನ್ನೆ ಪ್ರಯೋಗಾಲಯದ ಬೀಗದ ಕೈಯನ್ನು ಅವನಿಗೆ ಒಪ್ಪಿಸುವಾಗಲೂ ಮೇಡಂ ಕೇಳಿದ್ದು, “ಯಾಕೆ ಅಂತ ಗೊತ್ತಾಯ್ತೇನೋ?”

“ಇನ್ನೂ ಇಲ್ಲ ಮೇಡಂ.”

ಆದ್ದರಿಂದ ಅವರಿಗೆ ದೀರ್ಘಾಯುಸ್ಸು ಕೋರುವುದರಲ್ಲಿ ಅವಸರಪ್ಪನ ಸ್ವಾರ್ಥವೂ ಇದೆ: ಆ ಉತ್ತರ ಬರುವುದು ತಡವಾದೀತು, ಬಂದ ದಿನ ಅದನ್ನು ಅನುಮಾನಿಸಲು ಅವರು ಇರಬೇಕು. ನಾಳೆಯ ಪ್ರಯೋಗಕ್ಕೆ ಅವನು ಖಾಲಿ ತಟ್ಟೆಯನ್ನೇ ಮೊದಲು ಎತ್ತಿಟ್ಟಿದ್ದಾನೆ, ಪಕ್ಕದಲ್ಲಿ ಎರಡು ಕುರ್ಚಿ ಹಾಕಿದ್ದಾನೆ.