ಒಂದೇ ಕೈಯ ಹಗ್ಗ

ಕಾಡುಗೋಡಿಯ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ನೀಲಿ ತಾಡಪತ್ರಿಯ ಒಂದು ರೊಟ್ಟಿ ಅಂಗಡಿ. ಶೇಖವ್ವ ಮತ್ತು ಅವಳ ಗಂಡ ಮುದಕಪ್ಪನದು. ಮುದಕಪ್ಪನದೂ ಆಗಿತ್ತು ಅನ್ನಬೇಕೇನೋ. ಇರಲಿ, ಆ ಮಾತಿಗೆ ಆಮೇಲೆ ಬರೋಣ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಕೊರಳಿಗೆ ಕಂಪನಿ ಕಾರ್ಡು ನೇತುಹಾಕಿಕೊಂಡವರೂ ಗಾರೆ ಕೆಲಸದವರೂ ಅಲ್ಲಿ ಒಟ್ಟಿಗೇ ನಿಂತು ಉಣ್ಣುತ್ತಾರೆ.

ಗಂಡ ಹೆಂಡತಿ ಇಬ್ಬರೂ ಕುಷ್ಟಗಿ ಕಡೆಯವರು. ವೈಟ್‌ಫೀಲ್ಡಿನಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಸುತ್ತ ಬೊಂಬು, ಹಗ್ಗದ ಸಾರವೆ ಕಟ್ಟುತ್ತಿದ್ದವನು ಮುದಕಪ್ಪ. ಎಂಥ ಹಗ್ಗವೂ ಅವನ ಮಾತು ಕೇಳುತ್ತಿತ್ತು. ಹೆಂಡತಿ ಮಾತ್ರ ಕೇಳುತ್ತಿರಲಿಲ್ಲ. ಸಿಮೆಂಟಿನ ದೂಳು ಎದೆಗಿಳಿದು ಕೆಮ್ಮು ಹಿಡಿದ ಮೇಲೆ ಆ ಕೆಲಸ ಬಿಟ್ಟು ಈ ಅಂಗಡಿ ಹಾಕಿಕೊಂಡರು.

ಅಂಗಡಿ ತೆರೆಯುವುದೆಂದರೆ ಮೊದಲು ತಾಡಪತ್ರಿ ಏರಿಸಬೇಕು. ಹಿಂದಿನ ಅಂಚು ಗೋಡೆಯ ಮೊಳೆಗಳಿಗೆ ಕಟ್ಟಿಯೇ ಇರುತ್ತದೆ. ಮುಂದಿನ ಎರಡು ಮೂಲೆಗಳಿಗೆ ಎರಡು ಕಬ್ಬಿಣದ ಕಂಬ, ಎರಡು ಹಗ್ಗ. ಎಡಗಂಬದ್ದು ಅವನ ಕೈಗೆ, ಬಲಗಂಬದ್ದು ಅವಳ ಕೈಗೆ. ಇಬ್ಬರೂ ಕೂಡಿಯೇ ಜಗ್ಗಬೇಕು. ಒಬ್ಬರು ಮುಂದಾದರೋ, ತಾಡಪತ್ರಿ ಸೊಟ್ಟಗೆ ಏರಿ, ಅದರ ಮೇಲೆ ಕೂತ ರಸ್ತೆಯ ದೂಳೆಲ್ಲ ಹಿಟ್ಟಿನ ಬುಟ್ಟಿಗೆ ಬಿತ್ತು ಎಂದೇ ಲೆಕ್ಕ.

“ಜಗ್ಗಲೇ!”

“ಜಗ್ಗೀನ್ರೀ!”

ದಿನಾ ಬೆಳಿಗ್ಗೆ ಈ ಕೂಗು ಕೇಳಿಯೇ ಪಕ್ಕದಲ್ಲಿ ಹೂವು ಮಾರುವ ಗಂಗಮ್ಮ ತನ್ನ ಬುಟ್ಟಿ ಬಿಚ್ಚುತ್ತಿದ್ದಳು. “ಆಯ್ತು ಕಣವ್ವ, ಇವರ್ದು ಮದ್ವೆ ಮಂತ್ರ ಇವತ್ತೂ ಆಯ್ತು” ಎಂದು ಕಿಚಾಯಿಸುತ್ತಿದ್ದಳು.

ಈ ಸಲದ ಯುಗಾದಿ ಹೊತ್ತಿಗೆ ಕೆಮ್ಮು ಅವನನ್ನು ಹಿಂಡಿ ಹಿಪ್ಪೆ ಮಾಡಿತು. ಆಸ್ಪತ್ರೆಯಲ್ಲಿ ಡಾಕ್ಟರು ಶೇಖವ್ವನನ್ನು ಹೊರಗೆ ಕೂರಿಸಿ ಅವನೊಬ್ಬನಿಗೇ ಏನೋ ಹೇಳಿದರು. ಹೊರಬಂದ ಮನುಷ್ಯ ಮನೆಗೆ ಹೋಗಬೇಕೋ ಬೇಡವೋ? ನೆಟ್ಟಗೆ ಗುಜರಿ ಅಂಗಡಿಗೆ ಹೋಗಿ ಕಬ್ಬಿಣದ ರಾಟೆಗಳನ್ನು ಆರಿಸಿಕೊಂಡು ಬಂದ. ಸ್ಟೂಲು ಹತ್ತಿ ಕಂಬದ ತುದಿಗೆ ಬಿಗಿಯತೊಡಗಿದ.

“ಏನ್ ಮಾಡಾಕತ್ತೀರಿ?”

“ಒಬ್ಬಾಕೀನ ಎತ್ತೂ ಹಂಗ ಮಾಡಾಕತ್ತೀನಿ.”

ಡಾಕ್ಟರು ಹೇಳಿದ್ದೇನೆಂದು ಕೇಳುವ ಅಗತ್ಯ ಶೇಖವ್ವನಿಗೆ ಬೀಳಲಿಲ್ಲ.

ಎಡಗಂಬದ ಹಗ್ಗವನ್ನು ಅವನು ರಾಟೆಯ ಮೇಲಿಂದ ಬಲಗಂಬಕ್ಕೆ ದಾಟಿಸಿದ. ಅಲ್ಲಿ ಎರಡೂ ಹಗ್ಗಗಳನ್ನು ಸೇರಿಸಿ ಗಂಟು ಹಾಕಿ, ಗಂಟಿನ ಕೆಳಗೆ ಒಂದೇ ಹಗ್ಗವಾಗಿ ಒಲೆಯ ಪಕ್ಕಕ್ಕೆ ಇಳಿಬಿಟ್ಟ. ಕೂತಲ್ಲಿಂದಲೇ ಅವಳ ಕೈಗೆ ಎಟಕುವ ಹಾಗೆ, ಹಗ್ಗ ಸುತ್ತಿ ಕಟ್ಟಲು ಒಂದು ಕೊಕ್ಕೆಯನ್ನೂ ಹೊಡೆದ. ಆಮೇಲೆ ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತು, “ಹೂಂ, ಜಗ್ಗು ನೋಡೋಣು” ಎಂದ.

ತಾನೊಬ್ಬಳೇ ಏರಿಸಿಬಿಟ್ಟರೆ ಈ ಮನುಷ್ಯ ತನ್ನ ಕೆಲಸ ಮುಗಿಯಿತೆಂದು ಹೊರಟೇಬಿಡುತ್ತಾನೆ ಅನ್ನಿಸಿತು ಅವಳಿಗೆ. ಹುಚ್ಚೇ ಸರಿ. ಆದರೆ ಎದೆ ಸುಡುವಾಗ ಯಾರ ಬುದ್ಧಿ ನೆಟ್ಟಗಿರುತ್ತದೆ, ಹೇಳಿ! ಅವಳು ಗಂಟಿನ ಕೆಳಗೆ ಹಿಡಿಯಲಿಲ್ಲ. ಗಂಟಿನ ಮೇಲೆ ಕೈ ಹಾಕಿ, ಎರಡರಲ್ಲಿ ಒಂದೇ ಹಗ್ಗ ಹಿಡಿದು ಜಗ್ಗಿದಳು. ಒಂದು ಮೂಲೆ ಸರ್ರನೆ ಏರಿತು, ಇನ್ನೊಂದು ಜೋತುಬಿತ್ತು. ದೂಳು ಸುರಿದು ಹಿಟ್ಟೆಲ್ಲ ಹಾಳು.

“ಆಗವಲ್ದು ನೋಡ್ರೀ. ಇದಕ್ಕ ಇಬ್ಬರು ಬೇಕ ಬೇಕು.”

ಅವನ ಕಣ್ಣೆಲ್ಲ ಮೇಲಿನ ರಾಟೆಯ ಮೇಲೆ; ಅವಳ ಮೇಲೆ ಅನುಮಾನ ಬಂದರೆ ತಾನೆ? ತನ್ನ ಕೈಗೆಲಸವೇ ತಪ್ಪೆಂದುಕೊಂಡ. “ತಡಿ, ರಾಟಿ ಸರಿ ಕುಂತಿಲ್ಲ” ಎಂದು ಮತ್ತೆ ಸ್ಟೂಲು ಹತ್ತಿದ. ಮರುದಿನ ರಾಟೆಗೆ ಎಣ್ಣೆ ಬಿಟ್ಟ. ಆಮೇಲೆ ಹಗ್ಗ ಬದಲಿಸಿದ. ಮೇಲೇರಿ ಒಂದು ಗಂಟು ಬಿಚ್ಚುವುದು, ಇಳಿದು ಕೂತು ಕೆಮ್ಮುವುದು. ಅವನು ಪ್ರತಿಸಲ “ಜಗ್ಗು” ಅನ್ನುವನು, ಅವಳು ಪ್ರತಿಸಲ ಒಂದೇ ಹಗ್ಗ ಜಗ್ಗುವಳು.

ಗಂಗಮ್ಮನ ಕಣ್ಣು ಹದ್ದಿನ ಕಣ್ಣು. ಅವನು ಅತ್ತ ಹೋದಾಗ ಬಂದು ತಿವಿದಳು. “ಏನೇ ಕಳ್ಳಿ, ಒಂದೇ ಅಗ್ಗ ಇಡ್ಕೊಂಡು ಎಳೀತೀಯಲ್ಲ, ನಾನೇನ್ ಕುಲ್ಡೀನಾ? ಪಾಪ, ಅಣ್ಣ ಅಂಗೆ ಒದ್ದಾಡ್ತಾವ್ರೆ!”

“ಸುಮ್ನಿರಬೇ ಯಕ್ಕಾ. ಅದು ಆತಂದ್ರ ಅವರು ಹೋಗಿಬಿಡ್ತಾರ.”

ಗಂಗಮ್ಮ ತನ್ನ ಬುಟ್ಟಿಗೆ ಮರಳಿ ಹೂವು ಕಟ್ಟತೊಡಗಿದಳು.

ಕೊನೆಗೆ ಸ್ಟೂಲು ಹತ್ತುವುದಿರಲಿ, ಬಾಡಿಗೆ ಕೋಣೆಯ ಚಾಪೆಯಿಂದ ಏಳುವುದೂ ಅವನಿಗೆ ಆಗಲಿಲ್ಲ. ಮಲಗಿದಲ್ಲೇ ಅವನ ಬೆರಳುಗಳು ಹೊದಿಕೆಯ ಅಂಚನ್ನು ಗಂಟು ಹಾಕುತ್ತಿದ್ದವು, ಬಿಚ್ಚುತ್ತಿದ್ದವು.

“ಎಡಗಡೆ ರಾಟಿ ಒಂದು ಗೇಣು ಕೆಳಗ ಇಳಿಸಬೇಕಿತ್ತು. ಅಷ್ಟು ಮಾಳಿಗಿಗೆ ಸಾರವೆ ಕಟ್ಟಿದೆ, ನಿನಗೊಂದು ಹಗ್ಗ ಸರಿ ಮಾಡಿ ಕೊಡಾಕ ಆಗಲಿಲ್ಲಲೇ ನನಗ.”

ನಿಜ ಶೇಖವ್ವನ ನಾಲಗೆ ತುದಿಗೇ ಬಂದಿತ್ತು. ಹೇಳಿದರೆ ಈಗಲೇ ಹೊರಟಾನೆಂದು ಹೆದರಿ ನುಂಗಿಕೊಂಡಳು. “ಅರಾಮ ಆಗ್ರಿ, ನೀವ ಬಂದು ಇಳಿಸ್ರಿ” ಎಂದಳು. ಅವನು ಹೂಂ ಅಂದ. ಬೆಳಗಾಗುವಷ್ಟರಲ್ಲಿ ಉಸಿರು ನಿಂತಿತ್ತು.

ಊರಿಗೆ ಒಯ್ದು ಮಣ್ಣು ಮಾಡಿ, ದಿನಕರ್ಮ ಮುಗಿಸಿ, ಶೇಖವ್ವ ಒಬ್ಬಳೇ ಕಾಡುಗೋಡಿಗೆ ಮರಳಿದಳು. ತಾಡಪತ್ರಿಯ ಮೇಲೆ ದಪ್ಪಗೆ ದೂಳು ಕೂತಿತ್ತು. ಹಗ್ಗ ಅವನು ಬಿಟ್ಟಂತೆಯೇ ಇಳಿಬಿದ್ದಿತ್ತು. ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, “ಬಾರವ್ವ, ಆ ಮೂಲೆ ನಾನು ಎತ್ತಿಕೊಡ್ತೀನಿ” ಎಂದಳು. ಶೇಖವ್ವ ಬೇಡವೆಂದು ತಲೆಯಾಡಿಸಿದಳು.

ಮೊದಲ ಬಾರಿಗೆ ಗಂಟಿನ ಕೆಳಗೆ ಕೈ ಇಟ್ಟಳು. ಜಗ್ಗಿದಳು.

ಎರಡೂ ಮೂಲೆಗಳು ಸಮಸಮವಾಗಿ ಏರಿದವು. ರಾಟೆ ಕಿರ್ರೆನ್ನಲಿಲ್ಲ. ಮೇಲಿದ್ದ ದೂಳು ಹಿಂದಕ್ಕೆ, ಗೋಡೆಯ ಕಡೆಗೆ ಜಾರಿತು. ಬುಟ್ಟಿಯೊಳಕ್ಕೆ ಒಂದು ಚಿಟಿಕೆಯೂ ಬೀಳಲಿಲ್ಲ. ಒಂದೇ ಕೈ ಸಾಕಾಗಿತ್ತು. ಯಾವ ರಾಟೆಯನ್ನೂ ಒಂದು ಗೇಣು ಇಳಿಸಬೇಕಾಗಿರಲಿಲ್ಲ.

“ಸರಿ ಐತ್ರೀ!” ಎಂದು ಅವಳು ಎಡಗಂಬದತ್ತ ಕೂಗಿದಳು. “ಚಲೋ ಕಟ್ಟೀರ್ರೀ! ನಾನ ಸುಳ್ಳು ಜಗ್ಗಿದ್ನಿ, ನಿಮ್ಮ ತಪ್ಪಲ್ರೀ ಅದು!”

ಮೆಟ್ರೊ ಇಳಿದು ಬಂದವರು ನಿಂತು ನೋಡಿದರು. ದಿನಾ ಬರುವ ಹುಡುಗಿಯೊಬ್ಬಳು ಹತ್ತಿರ ಬಂದು, “ಅಕ್ಕಾ, ಅಣ್ಣ ಎಲ್ಲಿ?” ಎಂದು ಕೇಳಿದಳು. ಶೇಖವ್ವ ಹಗ್ಗವನ್ನು ಕೊಕ್ಕೆಗೆ ಸುತ್ತದೆ ಸಡಿಲ ಬಿಟ್ಟು ತಾಡಪತ್ರಿ ಇಳಿಸಿದಳು. ಕಣ್ಣೊರೆಸಿಕೊಂಡು, ಗಂಟಿನ ಕೆಳಗೇ ಹಿಡಿದು, “ನೋಡ್ರೀ, ಈಗ ನೋಡ್ರೀ” ಎನ್ನುತ್ತ ಮತ್ತೆ ಏರಿಸಿದಳು.