ತಾಯಮ್ಮನ ತೋಳಿನ ಬಿಪಿ

ಡಾಕ್ಟರ ಮಾತಿಗೆ ಕಟ್ಟುಬಿದ್ದು ಮೊನ್ನೆ ಬಿಪಿ ನೋಡುವ ಮಷಿನ್ ತಂದೆ. ಸಿಂಧನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ತೋಳಿನ ಪಟ್ಟಿ ಬಿಚ್ಚಿದೆ. ಪರ್ರ್ ಎಂಬ ಆ ಸದ್ದು ನೀವೂ ಕೇಳಿರುತ್ತೀರಿ. ಅದು ನನ್ನನ್ನು ಸೀದಾ ಮಸ್ಕಿಗೆ, ಅಕ್ಕನ ಪಡಸಾಲೆಗೆ ಒಯ್ದು ಕೂರಿಸಿತು.

ಆರು ವರ್ಷದ ಹಿಂದೆ ಅಕ್ಕನಿಗೆ ಕ್ಯಾನ್ಸರ್ ಚಿಕಿತ್ಸೆ ನಡೆದಿತ್ತು. ಹದಿನೈದು ದಿನಕ್ಕೊಮ್ಮೆ ಡ್ರಿಪ್. ಆ ಔಷಧಿಯಿಂದ ಕೆಲವರಿಗೆ ಬಿಪಿ ಏರುತ್ತದಂತೆ. ಏರಿದರೆ ಇಳಿಯುವವರೆಗೆ ಡ್ರಿಪ್ ನಿಲ್ಲಿಸುತ್ತಾರಂತೆ. ಹಾಗಾಗಿ ದಿನಾ ಬೆಳಿಗ್ಗೆ ಬಿಪಿ ನೋಡಿ ಆಸ್ಪತ್ರೆಯ ನರ್ಸಮ್ಮನಿಗೆ ಫೋನಿನಲ್ಲಿ ಹೇಳಬೇಕಿತ್ತು. ಲಿಂಗಸುಗೂರಿನಲ್ಲಿ ಮಷಿನ್ ಕೊಂಡು ತಂದುಕೊಟ್ಟು, ಏನೋ ದೊಡ್ಡ ಉಪಕಾರ ಮಾಡಿದವನಂತೆ ನಾನು ಬೀಗಿದ್ದೆ.

ಅದು ಬಂದದ್ದೇ ತಡ, ಅಕ್ಕನನ್ನು ಮಾತಾಡಿಸಲು ಬಂದವರೆಲ್ಲ ತೋಳು ಚಾಚಿ ಸಾಲಾಗಿ ಕೂರತೊಡಗಿದರು. "ನಮ್ದೂ ಒಂದೀಟು ನೋಡ್ರಿ" ಎನ್ನುವವರೇ ಎಲ್ಲ. ಮಂಡಕ್ಕಿಯ ಸುಸಲಾ, ಚಹಾ, ನಗು. ಆ ದಿನಗಳು ಮತ್ತೆ ಬರಬಾರದು, ಆದರೆ ಆ ಗದ್ದಲ ಇನ್ನೊಮ್ಮೆ ಬೇಕೆನಿಸುತ್ತದೆ. ಪಕ್ಕದ ಮನೆಯ ತಾಯಮ್ಮ ದಿನವಿಡೀ ಕುರಿ ಹಿಂದೆ ತಿರುಗುವ ಹೆಂಗಸು. ಯಾವತ್ತು ನೋಡಿದರೂ ನೂರಿಪ್ಪತ್ತಕ್ಕೆ ಎಂಬತ್ತು. ಪರೀಕ್ಷೆಯಲ್ಲಿ ಪಾಸಾದವಳಂತೆ ಎಲ್ಲರೂ ಅವಳನ್ನು ಹೊಗಳುತ್ತಿದ್ದರು.

ಒಂದು ಭಾನುವಾರ ನಾನು ಅಲ್ಲಿದ್ದೆ. ತಾಯಮ್ಮ ಬಂದವಳೇ ಯಾರೂ ಕೇಳದೆ ತೋಳು ಚಾಚಿದಳು. "ಜಲ್ದಿ ನೋಡಬೇ ಯಕ್ಕಾ, ಕುರಿ ಬಿಡೋ ಹೊತ್ತಾತು." ಅಕ್ಕ ಅಂಕಿ ನೋಡಿದಳು, ಫೋನ್ ಎತ್ತಿ ಅದನ್ನೇ ತನ್ನದೆಂದು ನರ್ಸಮ್ಮನಿಗೆ ಹೇಳಿದಳು.

ತಾಯಮ್ಮ ಹೋದ ಮೇಲೆ ಅಕ್ಕನ ತೋಳಿಗೆ ಪಟ್ಟಿ ಸುತ್ತಿದೆ. ನೂರೆಂಬತ್ತು ದಾಟಿತ್ತು.

"ಯಾರಿಗೂ ಹೇಳಬ್ಯಾಡ ತಮ್ಮಾ. ಡ್ರಿಪ್ ನಿಂತ್ರ ಗಂಟು ಮತ್ತ ಬೆಳೀತೈತಿ. ಬಿಪಿ ಏನ್ ಮಾಡ್ತೈತಿ ನನಗ?" ಎಂದಳು.

ಮಿದುಳಿಗೇ ಕುತ್ತು ಬರಬಹುದೆಂದು ಡಾಕ್ಟರು ಹೇಳಿದ್ದು ನೆನಪಿತ್ತು. ಹೆದರಿದೆ. ಅವಳೆದುರೇ ಆಸ್ಪತ್ರೆಗೆ ಫೋನ್ ಮಾಡಿ ನಿಜ ಹೇಳಿದೆ. ಡ್ರಿಪ್ ಮುಂದಕ್ಕೆ ಹೋಯಿತು, ಬಿಪಿ ಗುಳಿಗೆ ಶುರುವಾದವು. ಮೂರು ವಾರ ಅಕ್ಕ ನನ್ನೊಡನೆ ಮಾತು ಬಿಟ್ಟಳು. ಅಂಕಿ ಇಳಿದು ಡ್ರಿಪ್ ಮತ್ತೆ ಹಾಕಿದ ದಿನವೂ ಮುಖ ತಿರುಗಿಸಿಕೊಂಡೇ ಚಹಾ ಕೊಟ್ಟಳು. ಮುಂದೆ ಹುಷಾರಾದಳು, ಆದರೆ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಇಷ್ಟು ತಿಳಿಯಬಾರದೇ ಇವಳಿಗೆ ಎಂಬ ಸಿಟ್ಟು ನನ್ನೊಳಗೆ ಹಾಗೇ ಇತ್ತು.

ಮೊನ್ನೆ ನನ್ನ ಅಂಕಿ ನೂರೆಪ್ಪತ್ತು ಬಂತು. "ಎಷ್ಟ್ ಬಂತ್ರಿ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು. "ನೂರಾ ಮೂವತ್ತು" ಎಂದುಬಿಟ್ಟೆ. ಮಾತು ಬಾಯಿಂದ ಬಿದ್ದ ಮೇಲೆ ಅಕ್ಕ ಅರ್ಥವಾದಳು. ಮಸ್ಕಿಗೆ ಫೋನ್ ಹಚ್ಚಿ ನನ್ನ ಸುಳ್ಳನ್ನೂ ಸೇರಿಸಿ ಎಲ್ಲ ಹೇಳಿದೆ. ಅಕ್ಕ ನಗಲಿಲ್ಲ, ಬೈಯಲೂ ಇಲ್ಲ.

"ಫೋನ್ ನಿನ್ನ ಹೆಂಡ್ತಿ ಕೈಯಾಗ ಕೊಡು" ಎಂದಳು.

ಕೊಟ್ಟೆ.