ಅರ್ಧ ಕರಿದ ಮಿರ್ಚಿ

ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಬನಹಟ್ಟಿಯಲ್ಲಿ ಕರೆಂಟ್ ಹೋಯಿತು. ನಮ್ಮ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದವು. ಚಿಗವ್ವನ, ಅಂದರೆ ನನ್ನ ಚಿಕ್ಕಮ್ಮನ, ಬಜಿ ಅಂಗಡಿಗೆ ಅದೇ ಗಂಟೆ. ಮಗ್ಗ ನಿಂತರೆ ನೇಕಾರರು ಬರುತ್ತಾರೆ, ಅಷ್ಟರಲ್ಲಿ ಮಿರ್ಚಿ ಎಣ್ಣೆಯಲ್ಲಿರಬೇಕು.

ಅಂದು ಮಿರ್ಚಿ ಅರ್ಧ ಬೇಯುವಷ್ಟರಲ್ಲಿ ಕರೆಂಟ್ ಬಂದೇಬಿಟ್ಟಿತು. ಬಂದವರೆಲ್ಲ ಮಗ್ಗಕ್ಕೆ ಓಡಿದರು. ಚಿಗವ್ವ ಅರ್ಧ ಬೆಂದ ಮಿರ್ಚಿಗಳನ್ನು ಬುಟ್ಟಿಗೆ ಎತ್ತಿಹಾಕಿ, "ಎಣ್ಣಿ ನೋಡ್ಕೊ" ಎಂದು ನನಗೆ ಹೇಳಿ ಹಿಟ್ಟು ತರಲು ಒಳಗೆ ಹೋದಳು. ನೋಡಿಕೊ ಎಂದರೆ ಉರಿ ಸಣ್ಣ ಮಾಡು ಎಂದು. ನಾನು ಮೊಬೈಲು ನೋಡುತ್ತ ಕೂತೆ.

ತಲೆ ಎತ್ತಿದಾಗ ಬಾಣಲೆಯ ಬೆಂಕಿ ತಗಡಿನ ಮಾಡು ಮುಟ್ಟುತ್ತಿತ್ತು. ಗೋಡೆಯಾಚೆ ಮಗ್ಗದ ಶೆಡ್ಡಿನ ತುಂಬ ನೂಲು, ಮಗ್ಗದ ಮುಂದೆ ಹತ್ತು ಜನ. ಜಮಖಂಡಿ ಕಾಲೇಜಿನಲ್ಲಿ ಮೂರು ವರ್ಷ ರಸಾಯನಶಾಸ್ತ್ರ ಓದಿದ ನಾನು ನೀರಿನ ಕೊಡ ಎತ್ತಿದೆ.

"ಏ ಹುಚ್ಚಿ, ನೀರ್ ಬ್ಯಾಡ! ಇಡ ಕೆಳಗ!"

ಚಿಗವ್ವ ಒಳಗಿನಿಂದ ಓಡಿಬಂದು ಗ್ಯಾಸ್ ಬಂದ್ ಮಾಡಿ ಹಿಟ್ಟು ಕಲಸುವ ಪರಾತವನ್ನು ಬಾಣಲೆಯ ಮೇಲೆ ಮುಚ್ಚಿದಳು. ಬೆಂಕಿ ಆರಿತು. ಅವಳ ಮುಂಗೈ ಕೂದಲು ಮಾತ್ರ ಸುಟ್ಟಿತ್ತು.

ಐದಕ್ಕೆ ಮತ್ತೆ ಕರೆಂಟ್ ಹೋಯಿತು, ನೇಕಾರರು ಮತ್ತೆ ಬಂದರು.

"ಮಿರ್ಚಿ ಅದಾವೇನ್ರಿ ಅಕ್ಕಾರ?"

"ಅದಾವು. ಅರ್ಧಾ ಬೆಂದಾವು."

"ನಾವೇನ್ ಅರ್ಧಾ ಹಸದೇವೇನ್ರಿ?"

ಸುಟ್ಟ ಎಣ್ಣೆ ಚೆಲ್ಲಿಯಾಗಿತ್ತು. ಡಬ್ಬಿಯಲ್ಲಿ ಉಳಿದ ಎಣ್ಣೆಯಲ್ಲಿ ಇಡೀ ಮಿರ್ಚಿ ಮುಳುಗುತ್ತಿರಲಿಲ್ಲ. ಚಿಗವ್ವ ಅವನ್ನು ತುಂಡು ತುಂಡು ಕತ್ತರಿಸಿ, ಸಣ್ಣ ಬಾಣಲೆಯಲ್ಲಿ ಗರಿಗರಿ ಕರಿದು, ಉಳ್ಳಾಗಡ್ಡಿ, ಶೇಂಗಾ ಚಟ್ನಿ ಉದುರಿಸಿ ಕೊಟ್ಟಳು. ಎಲ್ಲರೂ ಕರಕರ ಅಗಿದರು.

"ಹೊಸಾ ಐಟಂ ಏನ್ರಿ?" ಎಂದ ಮುದುಕ ನೇಕಾರನೊಬ್ಬ.

"ಹೂಂ. ನಮ್ಮ ಹುಡುಗಿ ಕಾಲೇಜ್ನಾಗ ಕಲ್ತು ಬಂದಾಳ!"

ಹೀಗೆ ಕತ್ತರಿಸಿ ಕರಿದ ಕಟ್ ಮಿರ್ಚಿ ಬೇರೆ ಊರುಗಳಲ್ಲೂ ಇದೆ. ನಮ್ಮ ಓಣಿಯಲ್ಲಿ ಹುಟ್ಟಿದ್ದು ಹೀಗೆ. ಈಗ ಕರೆಂಟ್ ಇದ್ದಾಗಲೂ ರಬಕವಿಯಿಂದ ಜನ ಬಂದು ಕಾಯುತ್ತಾರೆ. ಅವರು ಚಪ್ಪರಿಸಿ ತಿನ್ನುವಾಗ ನನಗೆ ಕಾಣುವುದು ಆ ಕೊಡ. ಆ ನೀರು ಉರಿಯುವ ಎಣ್ಣೆಗೆ ಚೆಲ್ಲಿದ್ದರೆ? ಎಷ್ಟೋ ದಿನ ಅದೇ ಯೋಚನೆಗೆ ನಿದ್ದೆಯಿಂದ ಎದ್ದು ಕೂರುತ್ತಿದ್ದೆ.

ಅದು ಚಿಗವ್ವನ ಕಣ್ಣಿಗೆ ಬಿದ್ದಿತ್ತು. ಒಂದು ಸಂಜೆ ಅವಳು ಕರಿಯುವ ಜಾರಿಸೌಟನ್ನು ನನ್ನ ಕೈಗಿಟ್ಟು, "ನೀ ಕರಿ, ನಾ ಕುಂದರ್ತೀನಿ" ಎಂದಳು. ಮೊದಲ ವಾರ ಉರಿಯಿಂದ ಕಣ್ಣು ತೆಗೆಯಲಿಲ್ಲ. ಆಮೇಲೊಂದು ದಿನ ಕರೆಂಟ್ ಮೂರು ಸಲ ಹೋಗಿ ಬಂತು. ಮಗ್ಗದ ಸದ್ದು ಶುರುವಾದ ಮೂರೂ ಸಲ, ಯಾರೂ ಹೇಳದೆ, ನಾನು ಉರಿ ಸಣ್ಣ ಮಾಡಿದ್ದೆ.

ಅಂದು ಉಂಡು ಮಲಗಿದವಳು ಎದ್ದದ್ದು ಬೆಳಗಿನ ಮಗ್ಗದ ಸದ್ದಿಗೇ.